ಹೊಂಗೆ ನೆರಳಿನ ಲೆಕ್ಕ

ಬಳ್ಳಾರಿಯಲ್ಲಿ ನಡೆದು ಓಡಾಡುವವರಿಗೆ ನೆರಳಿಗಿಂತ ದೊಡ್ಡ ಆಸ್ತಿಯಿಲ್ಲ. ಊರ ನಡುವೆ ಬೋಳು ಬಂಡೆಯ ಕೋಟೆ ಬೆಟ್ಟ, ಸುತ್ತ ಎರೆ ನೆಲ, ಮಾರ್ಚ್ ಹುಟ್ಟುತ್ತಲೇ ಉರಿಯತೊಡಗುವ ಬಿಸಿಲು. ಊರು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಮೇ ತಿಂಗಳ ಆರಂಭದ ಹೊತ್ತಿಗೆ ಒಂದು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೂ ಆಗ ನೆರಳಿರುವುದಿಲ್ಲ. ಇಂಥ ಊರಿನಲ್ಲಿ ಬಡಾವಣೆಯ ಪುಟ್ಟ ಪಾರ್ಕಿನಲ್ಲಿ ದಿನವೂ ಸುತ್ತು ಹಾಕುವುದರ ಸುಖ ಬರೀ ಮನಸ್ಸಿನದ್ದಲ್ಲ. ಅದನ್ನು ಅಳೆಯಬಹುದು, ಲೆಕ್ಕ ಹಾಕಬಹುದು.

ಹೊಂಗೆ ಮರದ ಕೆಳಗೆ ಬಂದ ಕೂಡಲೇ ಮೈ ಹಗುರಾಗುತ್ತದೆ. ಆದರೆ ಉಷ್ಣಮಾಪಕ ಹಿಡಿದು ನೋಡಿದರೆ ಅಲ್ಲಿನ ಗಾಳಿ ಪಕ್ಕದ ರಸ್ತೆಯ ಗಾಳಿಗಿಂತ ಒಂದೆರಡು ಡಿಗ್ರಿ ಮಾತ್ರ ತಂಪಾಗಿದ್ದೀತು. ಮತ್ತೇಕೆ ಅಷ್ಟು ಹಿತ? ಮೈಗೆ ಬಿಸಿ ತಾಗುವುದು ಗಾಳಿಯಿಂದ ಮಾತ್ರವಲ್ಲ. ಸುತ್ತಲಿನ ಪ್ರತಿ ಗೋಡೆ, ಪ್ರತಿ ಕಲ್ಲು ತನ್ನ ತಾಪಕ್ಕೆ ತಕ್ಕಂತೆ ಅತಿಗೆಂಪು ಕಿರಣ ಸೂಸುತ್ತಿರುತ್ತದೆ. ನಡುಹಗಲಿನಲ್ಲಿ ಡಾಂಬರು ರಸ್ತೆಯ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವೇನಲ್ಲ. ನಿಚ್ಚಳ ಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಹತ್ತಿರಹತ್ತಿರ 1000 ವಾಟ್ ಶಕ್ತಿ ಸುರಿಯುತ್ತದೆ. ಮರ ಇವೆರಡನ್ನೂ ಒಟ್ಟಿಗೆ ತಡೆಯುತ್ತದೆ: ಮೇಲಿನ ಬಿಸಿಲು ನಮ್ಮನ್ನು ತಾಕುವುದಿಲ್ಲ, ಕೆಳಗಿನ ನೆಲ ಕಾಯುವುದಿಲ್ಲ. ಅರ್ಧ ಬಿಸಿಲು, ಅರ್ಧ ನೆರಳು ಬೀಳುವ ಸಿಮೆಂಟ್ ಬೆಂಚು ಯಾವ ಪಾರ್ಕಿನಲ್ಲೂ ಸಿಗುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಅದರ ಎರಡು ತುದಿಗೂ ಒಂದೊಂದು ಅಂಗೈ ಒತ್ತಿ ನೋಡಿ. ಒಂದು ಕೈಯನ್ನು ಎರಡು ಕ್ಷಣಕ್ಕೆ ಹಿಂದೆಗೆಯಬೇಕಾಗುತ್ತದೆ. ಇನ್ನೊಂದು ಎಷ್ಟು ಹೊತ್ತಾದರೂ ಇರಬಲ್ಲದು. ಗಾಳಿ ಎರಡಕ್ಕೂ ಒಂದೇ.

ಕಲ್ಲಿನ ಇನ್ನೊಂದು ಗುಣವೂ ಇದೆ. ಅದು ಬೇಗ ಕಾಯುವುದಿಲ್ಲ, ಕಾದ ಮೇಲೆ ಬೇಗ ಆರುವುದೂ ಇಲ್ಲ. ಬೆಟ್ಟದ ಬುಡದ ಓಣಿಗಳಲ್ಲಿ ಸೂರ್ಯ ಮುಳುಗಿದ ಮೇಲೂ ಧಗೆ ಹೊರಡುತ್ತಲೇ ಇರುವುದು ಇದರಿಂದ. ಬೇಸಿಗೆಯಲ್ಲಿ ಅತ್ಯಂತ ತಂಪಾದ ಗಳಿಗೆ ನಡುರಾತ್ರಿಯಲ್ಲಿ ಬರುವುದಿಲ್ಲ, ಸೂರ್ಯೋದಯದ ಆಸುಪಾಸಿನಲ್ಲಿ ಬರುತ್ತದೆ. ನಮ್ಮ ಹಿರಿಯರು ನಸುಕಿನಲ್ಲೇ ಹೊಲದ ದಾರಿ ಹಿಡಿಯುತ್ತಿದ್ದುದು ಸುಮ್ಮನೆ ಅಲ್ಲ.

ಮರ ಬಿಸಿಲನ್ನು ತಡೆದು ಸುಮ್ಮನಾಗುವುದಿಲ್ಲ. ಬೇರಿನಿಂದ ಎಳೆದ ನೀರನ್ನು ಎಲೆಗಳಲ್ಲಿರುವ ಸೂಕ್ಷ್ಮ ಪತ್ರರಂಧ್ರಗಳ ಮೂಲಕ ಆವಿಯಾಗಿ ಬಿಡುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಶಾಖ ಬೇಕು, ಅಂದರೆ ಮನೆಯ ಕರೆಂಟಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್‌ಗೆ ತುಸು ಕಡಿಮೆ. ಆ ಶಾಖವನ್ನು ಎಲೆ ತನ್ನಿಂದ, ಸುತ್ತಲಿನ ಗಾಳಿಯಿಂದ ಪಡೆಯುತ್ತದೆ. ಅದೇ ಹೊತ್ತಿಗೆ ಮರದ ಕೆಳಗೆ ನಡೆಯುವವರ ಬೆನ್ನಿನ ಮೇಲಿನ ಬೆವರೂ ಇದೇ ನಿಯಮಕ್ಕೆ ಒಳಪಟ್ಟು ಆವಿಯಾಗುತ್ತಿರುತ್ತದೆ. ಬಿರುಸಾಗಿ ನಡೆಯುವ ದೇಹ ಸುಮಾರು 300 ವಾಟ್ ಶಾಖ ಉತ್ಪಾದಿಸುತ್ತದೆ. ಗಾಳಿಯ ತಾಪ ಚರ್ಮದ ತಾಪವನ್ನು, ಅಂದರೆ ಸುಮಾರು 35 ಡಿಗ್ರಿಯನ್ನು ದಾಟಿದರೆ ಅದನ್ನು ಹೊರಹಾಕಲು ಬೆವರೊಂದೇ ದಾರಿ. ನಮ್ಮ ಒಣ ಹವೆ ಇಲ್ಲಿ ನಮ್ಮ ಕೈ ಹಿಡಿಯುತ್ತದೆ. ಮಂಗಳೂರಿನಲ್ಲಿ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಬೆವರು ಇಳಿಯುತ್ತದೆಯೇ ಹೊರತು ಆರುವುದಿಲ್ಲ. ಬಳ್ಳಾರಿಯಲ್ಲಿ ಅದು ಇಳಿಯುವ ಮೊದಲೇ ಆರಿಹೋಗುತ್ತದೆ. ಇದರಲ್ಲಿ ಒಂದು ಅಪಾಯವೂ ಅಡಗಿದೆ: ಎಷ್ಟು ನೀರು ಕಳೆದುಕೊಂಡೆವೆಂದು ಗೊತ್ತೇ ಆಗುವುದಿಲ್ಲ. ಅಂಗಿ ಒದ್ದೆಯಾಗಲಿಲ್ಲ ಎಂದುಕೊಂಡು ನೀರು ಕುಡಿಯದೆ ಇರುವ ವಯಸ್ಸಾದವರನ್ನು ಕಂಡಾಗ ನನಗೆ ಆತಂಕವಾಗುತ್ತದೆ.

ಎಲ್ಲ ನೆರಳೂ ಒಂದೇ ಅಲ್ಲ. ಊರಾಚೆ ಎಲ್ಲೆಲ್ಲೂ ಹಬ್ಬಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದದ್ದು. ಅದರ ಚಿಕ್ಕ ಎಲೆಗಳ ಸಂದಿನಿಂದ ಬಿಸಿಲು ಧಾರಾಳವಾಗಿ ಸೋರುತ್ತದೆ. ಹೊಂಗೆಯ ಎಲೆ ಅಗಲ, ಪದರದ ಮೇಲೆ ಪದರ. ಯುಗಾದಿಯ ಆಸುಪಾಸಿನಲ್ಲಿ ಅದು ಹಳೆಯ ಎಲೆ ಉದುರಿಸಿ ಕೆಲವೇ ವಾರಗಳಲ್ಲಿ ಮೈತುಂಬ ಚಿಗುರುತ್ತದೆ, ಬಿಸಿಲು ಏರುತ್ತಿರುವ ದಿನಗಳಲ್ಲೇ! ಆಳಕ್ಕಿಳಿದ ಬೇರು ಕೆಳಗಿನ ತೇವವನ್ನು ಹುಡುಕಿಕೊಂಡಿರುತ್ತದೆ. ಮುಂಗಾರು ಬೀಳುವ ಹೊತ್ತಿಗೆ ಎಲೆಗಳು ಬಲಿತು ಸಿದ್ಧವಾಗಿರುತ್ತವೆ. ದಿನವೂ ಅದೇ ಮರದ ಕೆಳಗೆ ಹೋಗುವವರಿಗೆ ಈ ಬದಲಾವಣೆ ಕಾಣುತ್ತದೆ. ತಾಮ್ರದ ಛಾಯೆಯ ಎಳೆ ಚಿಗುರು, ಎಣ್ಣೆ ಹಚ್ಚಿದಂತೆ ಹೊಳೆಯುವ ತಿಳಿಹಸಿರು, ಆಮೇಲೆ ದಾರಿಯ ತುಂಬ ನಸುನೇರಳೆ ಹೂವು. ವರ್ಷಕ್ಕೊಮ್ಮೆ ಪಾರ್ಕಿಗೆ ಬರುವವರಿಗೆ ಇದು ಸಿಗದು.

ಸಂಜೆ ನಡೆಯುವವರು ಮಳೆಮರವನ್ನೋ ಹುಣಸೆಯನ್ನೋ ನೋಡಬೇಕು. ಕತ್ತಲಾಗುತ್ತಿದ್ದಂತೆ ಅವು ಎಲೆಗಳನ್ನು ಜೋಡಿಜೋಡಿಯಾಗಿ ಮಡಿಸಿಕೊಳ್ಳುತ್ತವೆ. ಎಲೆಯ ಬುಡದಲ್ಲಿರುವ ಉಬ್ಬಿದ ಕೀಲಿನ ಜೀವಕೋಶಗಳಿಗೆ ಪೊಟ್ಯಾಸಿಯಂ ಅಯಾನುಗಳು ಬಂದುಹೋಗುತ್ತಿದ್ದಂತೆ ನೀರೂ ಬಂದುಹೋಗುತ್ತದೆ. ಕೀಲು ಬಿಗಿಯಾಗುತ್ತದೆ, ಸಡಿಲವಾಗುತ್ತದೆ. 1729ರಲ್ಲಿ ಫ್ರಾನ್ಸ್‌ನ ಖಗೋಳವಿಜ್ಞಾನಿ ಡಿ ಮೈರಾನ್, ಹೀಗೆಯೇ ಎಲೆ ಮಡಿಸುವ ಮುಟ್ಟಿದರೆ ಮುನಿ ಜಾತಿಯ ಗಿಡವೊಂದನ್ನು ಕತ್ತಲಲ್ಲಿ ಇಟ್ಟು ನೋಡಿದ. ಬೆಳಕೇ ಇಲ್ಲದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ತೆರೆದು ಮುಚ್ಚುತ್ತಿತ್ತು. ಗಿಡದೊಳಗೇ ಒಂದು ಗಡಿಯಾರವಿರಬಹುದೆಂಬ ವಿಚಾರಕ್ಕೆ ಮೊದಲ ಸುಳಿವು ಸಿಕ್ಕಿದ್ದು ಅಲ್ಲಿ. ಅಂಥದೇ ಗಡಿಯಾರದ ಆಣ್ವಿಕ ಯಂತ್ರವನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ನಮ್ಮೊಳಗಿನ ಗಡಿಯಾರ ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಉದ್ದ. ಹಾಗೇ ಬಿಟ್ಟರೆ ದಿನೇ ದಿನೇ ಹಿಂದೆ ಬೀಳುತ್ತದೆ. ಅದನ್ನು ಸರಿಪಡಿಸುವುದು ಮುಂಜಾವಿನ ಬೆಳಕು. ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸಲು ಕಣ್ಣಿನ ಅಕ್ಷಿಪಟಲದಲ್ಲಿ ಬೇರೆಯೇ ಜೀವಕೋಶಗಳಿವೆ. ದೀಪ ಹಚ್ಚಿದ ಕೋಣೆಯಲ್ಲಿ ನೂರಿನ್ನೂರು ಲಕ್ಸ್ ಬೆಳಕಿದ್ದರೆ, ಬಿಸಿಲೇರಿದ ಬೆಳಿಗ್ಗೆ ಮರದ ನೆರಳಿನಲ್ಲೂ ಸಾವಿರಾರು ಲಕ್ಸ್ ಇರುತ್ತದೆ. ತಡರಾತ್ರಿಯವರೆಗೆ ನಿದ್ದೆ ಬಾರದೆ ಒದ್ದಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ದಿನವೂ ಒಂದೇ ಹೊತ್ತಿಗೆ ಬೆಳಿಗ್ಗೆ ಹೊರಗೆ ಬನ್ನಿ.

ಹೆಜ್ಜೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹತ್ತು ಸಾವಿರ ಹೆಜ್ಜೆಯ ಗುರಿ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕದ ಹೆಸರಿನಿಂದ. ಅಮೆರಿಕದ ವಯಸ್ಸಾದ ಮಹಿಳೆಯರ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೀರಾ ಕಡಿಮೆ ನಡೆಯುವವರಿಗೆ ಹೋಲಿಸಿದರೆ ದಿನಕ್ಕೆ ಸುಮಾರು 4400 ಹೆಜ್ಜೆ ನಡೆಯುವವರಲ್ಲೇ ಸಾವಿನ ಪ್ರಮಾಣ ಕಡಿಮೆ ಕಂಡುಬಂತು. ಸುಮಾರು 7500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ಊಟವಾದ ಮೇಲಿನ ಹದಿನೈದು ನಿಮಿಷದ ನಡಿಗೆ ಬಹಳ ಒಳ್ಳೆಯದು, ಏಕೆಂದರೆ ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳಬಲ್ಲದು.

ಪಾರ್ಕಿನಲ್ಲಿ ದಿನವೂ ಕೇಳಿಬರುವ ಒಂದು ಮಾತಿದೆ: ಅರಳಿಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ, ನಸುಕಿನಲ್ಲಿ ಅದರಡಿ ಉಸಿರಾಡಬೇಕು ಎಂದು. ಆಮ್ಲಜನಕ ಹುಟ್ಟಲು ಬೆಳಕು ಬೇಕೇ ಬೇಕು. ರಾತ್ರಿ ಅರಳಿಯೂ ನಮ್ಮಂತೆ ಉಸಿರಾಡುತ್ತದೆ. ಗಾಳಿಯಲ್ಲಿ ಶೇಕಡ 21ರಷ್ಟಿರುವ ಆಮ್ಲಜನಕ ಒಂದು ಮರದಡಿ ನಿಂತರೆ ಏರುವುದಿಲ್ಲ. ನಸುಕಿನ ಗಾಳಿ ಚೊಕ್ಕಟ ಎಂಬ ನಂಬಿಕೆಯೂ ಚಳಿಗಾಲದಲ್ಲಿ ತಲೆಕೆಳಗಾಗುತ್ತದೆ. ಮೋಡವಿಲ್ಲದ ಒಣ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ, ನೆಲಕ್ಕಂಟಿದ ಗಾಳಿ ಮೇಲಿನ ಗಾಳಿಗಿಂತ ತಣ್ಣಗಾಗಿ ಅಲ್ಲೇ ಕೂರುತ್ತದೆ. ಆಗ ಎದ್ದ ಹೊಗೆ ಮೇಲೇರದೆ ಮೂಗಿನ ಮಟ್ಟದಲ್ಲೇ ಹರಡುತ್ತದೆ. ಸರಿಯಾಗಿ ಆ ಹೊತ್ತಿಗೇ ಪಾರ್ಕಿನ ಮೂಲೆಯಲ್ಲಿ ಗುಡಿಸಿದ ಎಲೆಗೆ ಬೆಂಕಿ ಇಟ್ಟಿರುತ್ತಾರೆ. ಎದೆಯ ಆರೋಗ್ಯಕ್ಕೆಂದು ಬಂದವರು ಆ ಹೊಗೆಯಲ್ಲಿ ಏದುಸಿರು ಬಿಡುವುದನ್ನು ನೋಡಿದರೆ ನನಗೆ ತಡೆಯಲಾಗುವುದಿಲ್ಲ. ಬೇವಿನ, ಹೊಂಗೆಯ ಎಲೆ ಸುಡುವ ವಸ್ತುವಲ್ಲ. ಅದನ್ನೇ ಮರದ ಬುಡಕ್ಕೆ ನಾಲ್ಕು ಬೆರಳು ದಪ್ಪ ಹರಡಿದರೆ ಮಣ್ಣಿನ ತೇವ ಉಳಿಯುತ್ತದೆ. ಆ ತೇವವೇ ಮೇ ತಿಂಗಳಲ್ಲಿ ಎಲೆಯಿಂದ ಆವಿಯಾಗುವ ನೀರು. ಉಳಿದ ಎಲೆಗೆ ಒಂದು ಗುಂಡಿ ಸಾಕು. ಗುಂಡಿ ತೋಡುವ, ಆಗಾಗ ನೀರು ಚಿಮುಕಿಸುವ ಕೆಲಸ ಪೌರಕಾರ್ಮಿಕರ ಮೇಲೆ ಮಾತ್ರ ಬೀಳಬೇಕಿಲ್ಲ. ದಿನವೂ ಬರುವ ನಾಲ್ಕು ಮಂದಿ ಸುತ್ತು ಮುಗಿದ ಮೇಲೆ ಹತ್ತು ನಿಮಿಷ ನಿಂತರೆ ಆಗುವಷ್ಟೇ ಕೆಲಸ ಅದು.