ಕ್ಯಾಂಪರ್ ಎಳೆದುಕೊಂಡು ಸುರಂಗಕ್ಕೆ ಹೋಗಬಹುದಾ? ಸಿಲಿಂಡರ್ ನೋಡಿ ಹೇಳ್ತಾರೆ!

ಅಮೆರಿಕದಲ್ಲಿರುವ ನಮ್ಮ ಜನ ಬೇಸಿಗೆ ರಜೆಯಲ್ಲಿ ಕ್ಯಾಂಪರ್ (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಚಕ್ರದ ಮೇಲಿನ ಪುಟ್ಟ ಮನೆ) ಬಾಡಿಗೆಗೆ ಹಿಡಿದು, ಗಾಡಿಯ ಹಿಂದೆ ಕಟ್ಟಿಕೊಂಡು ಸುತ್ತಾಡಲು ಹೊರಡುವುದು ಈಗ ಹೊಸದೇನಲ್ಲ. ಆ ಕ್ಯಾಂಪರಿನ ಮುಂಭಾಗದಲ್ಲಿ ಒಂದೋ ಎರಡೋ ಪ್ರೊಪೇನ್ ಸಿಲಿಂಡರ್ ಇರುತ್ತದೆ. ಒಲೆಗೆ, ಹೀಟರಿಗೆ, ಎಷ್ಟೋ ಸಲ ಫ್ರಿಜ್ಜಿಗೂ ಅದೇ ಗ್ಯಾಸು. ಸಣ್ಣದಾದರೆ 20 ಪೌಂಡ್, ಅಂದರೆ 9 ಕೆಜಿ. ದೊಡ್ಡ ಕ್ಯಾಂಪರಿಗೆ 30 ಪೌಂಡಿನದು, ಹೆಚ್ಚುಕಡಿಮೆ ನಮ್ಮ ಮನೆಗೆ ಬರುವ 14.2 ಕೆಜಿ ಸಿಲಿಂಡರಿನಷ್ಟು.

ಇದನ್ನು ಎಳೆದುಕೊಂಡು ಬಾಲ್ಟಿಮೋರಿನ ಫೋರ್ಟ್ ಮೆಕ್‌ಹೆನ್ರಿ ಸುರಂಗಕ್ಕೆ ಹೋಗುವಂತಿಲ್ಲ. ಅಲ್ಲಿ ಒಂದು ಸಿಲಿಂಡರಿಗೆ 10 ಪೌಂಡೇ ಮಿತಿ. ದಕ್ಷಿಣಕ್ಕೆ ವರ್ಜೀನಿಯಾಗೆ ಇಳಿದರೆ ಚೆಸಪೀಕ್ ಬೇ ಬ್ರಿಡ್ಜ್-ಟನಲ್‌ನವರು 45 ಪೌಂಡಿನ ಎರಡು ಸಿಲಿಂಡರ್ ಇದ್ದರೂ ಬಿಡುತ್ತಾರೆ, ವಾಲ್ವ್ ಮುಚ್ಚಿರಬೇಕು. ನ್ಯೂಯಾರ್ಕಿನ ಹಾಲೆಂಡ್ ಮತ್ತು ಲಿಂಕನ್ ಸುರಂಗಗಳಲ್ಲಿ ಪ್ರೊಪೇನಿಗೆ ಪ್ರವೇಶವೇ ಇಲ್ಲ. ಎಲ್ಲವೂ ನೀರಿನ ಕೆಳಗಿನ ಸುರಂಗಗಳೇ, ಗ್ಯಾಸೂ ಅದೇ. ಹಾಗಾದರೆ ಒಂದೊಂದು ಕಡೆ ಒಂದೊಂದು ಕಾನೂನು ಯಾಕೆ?

ಮೊದಲು ಗ್ಯಾಸಿನ ಸ್ವಭಾವ ನೋಡೋಣ. ಕಾರಿನ 50 ಲೀಟರ್ ಪೆಟ್ರೋಲಿನಲ್ಲಿ 9 ಕೆಜಿ ಪ್ರೊಪೇನಿಗಿಂತ ಮೂರು-ನಾಲ್ಕು ಪಟ್ಟು ಜಾಸ್ತಿ ಶಕ್ತಿ ಇದೆ. ಸುರಂಗದೊಳಗೆ ನೂರಾರು ಕಾರುಗಳು ಅಷ್ಟು ಪೆಟ್ರೋಲ್ ಹೊತ್ತು ಆರಾಮಾಗಿ ಓಡುತ್ತವೆ. ಆದರೆ ಪೆಟ್ರೋಲ್ ಚೆಲ್ಲಿದರೆ ದ್ರವವಾಗಿ ನೆಲದ ಮೇಲೆ ಬಿದ್ದಿರುತ್ತದೆ, ಆವಿಯಾಗಲು ಹೊತ್ತು ಬೇಕು. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ. ಸಿಲಿಂಡರಿನ ಒತ್ತಡ ಇರುವುದರಿಂದ ಮಾತ್ರ ಅದು ದ್ರವವಾಗಿದೆ. ಹೊರಗೆ ಬಂದ ಕೂಡಲೇ ಕುದಿದು ಅನಿಲವಾಗಿ ಸುಮಾರು 270 ಪಟ್ಟು ಹಿಗ್ಗುತ್ತದೆ. ಗಾಳಿಗಿಂತ ಒಂದೂವರೆ ಪಟ್ಟು ಭಾರ ಬೇರೆ, ಹಾಗಾಗಿ ಮೇಲೇಳದೆ ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 9 ಕೆಜಿ ಪ್ರೊಪೇನ್ ಪೂರ್ತಿ ಹೊರಬಂದರೆ ಸುಮಾರು 5 ಘನ ಮೀಟರ್ ಅನಿಲ. ಗಾಳಿಯಲ್ಲಿ ಶೇ. 2ರಷ್ಟು ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಅಂದರೆ 230 ಘನ ಮೀಟರಿನಷ್ಟು ಗಾಳಿ ಅಪಾಯಕಾರಿ ಆಗಬಹುದು. ಇದು ಸುರಂಗದ ನೆಲದಿಂದ ಚಾವಣಿವರೆಗೂ ಸಮನಾಗಿ ಬೆರೆತರೆ ಆವರಿಸುವುದು ಸುಮಾರು 5 ಮೀಟರ್ ಉದ್ದ ಮಾತ್ರ. ಅದೇ ನೆಲಕ್ಕೆ ಅಂಟಿಕೊಂಡು ಒಂದಡಿ ಎತ್ತರದ ಪದರವಾಗಿ ಹರಡಿದರೆ, ಎರಡು ಲೇನ್ ರಸ್ತೆಯಲ್ಲಿ ಹತ್ತಿರ ಹತ್ತಿರ 100 ಮೀಟರ್! ಅಲ್ಲಿ ನಿಂತಿರುವ ಕಾರುಗಳೆಲ್ಲದರ ಬಿಸಿ ಸೈಲೆನ್ಸರ್ ಆ ಪದರದೊಳಗೇ ಇರುತ್ತದೆ. ಇದು ಅತಿ ಕೆಟ್ಟ ಸಂದರ್ಭದ ಲೆಕ್ಕ, ನಿಜವಾಗಿ ಗಾಳಿ ಬೆರೆಸುತ್ತದೆ. ಆದರೂ ಚಿಂತೆ ಯಾಕೆ ಅಂತ ಗೊತ್ತಾಯ್ತಲ್ವಾ?

ನೀರಿನ ಕೆಳಗಿನ ಸುರಂಗ ನಡುವೆ ತಗ್ಗಾಗಿರುತ್ತದೆ. ಎರಡೂ ದಡದಿಂದ ಇಳಿಜಾರು, ಮಧ್ಯದಲ್ಲಿ ಸೋರಿದ ನೀರು ಸೇರುವ ಗುಂಡಿ, ಅದರ ಪಂಪು. ಸೋರಿದ ಗ್ಯಾಸೂ ಅಲ್ಲಿಗೇ ಇಳಿಯುತ್ತದೆ. 1927ರಲ್ಲಿ ತೆರೆದ ಹಾಲೆಂಡ್ ಸುರಂಗದಲ್ಲಿ 84 ಫ್ಯಾನುಗಳಿವೆ, ಒಂದೂವರೆ ನಿಮಿಷಕ್ಕೊಮ್ಮೆ ಒಳಗಿನ ಗಾಳಿಯನ್ನೆಲ್ಲ ಬದಲಿಸುತ್ತವೆ. ಆದರೆ ಅದು ಕಾರುಗಳ ಹೊಗೆಗಾಗಿ ಮಾಡಿದ ವ್ಯವಸ್ಥೆ: ಹೊಸ ಗಾಳಿ ರಸ್ತೆಯ ಮಟ್ಟದಲ್ಲಿ ಒಳಗೆ, ಕೆಟ್ಟ ಗಾಳಿ ಚಾವಣಿಯಿಂದ ಹೊರಗೆ. ಬಿಸಿ ಹೊಗೆಗೆ ಸರಿಯಾಗಿದೆ, ನೆಲ ಹಿಡಿದು ಹರಿಯುವ ತಣ್ಣನೆ ಗ್ಯಾಸಿಗೆ ಅಷ್ಟು ಒಗ್ಗುವುದಿಲ್ಲ. 1949ರ ಮೇ ತಿಂಗಳಲ್ಲಿ ಅದೇ ಸುರಂಗದಲ್ಲಿ ಕಾರ್ಬನ್ ಡೈಸಲ್ಫೈಡ್ ಎಂಬ ಬೇಗ ಹೊತ್ತಿಕೊಳ್ಳುವ ದ್ರವದ ಡ್ರಮ್ಮು ತುಂಬಿದ್ದ ಲಾರಿಗೆ ಬೆಂಕಿ ಬಿದ್ದು 66 ಜನರಿಗೆ ಪೆಟ್ಟಾಯಿತು. ಆ ಸರಕನ್ನು ಸುರಂಗದೊಳಗೆ ತರಲೇಬಾರದಿತ್ತು.

ಇಲ್ಲಿವರೆಗೆ ಭೌತಶಾಸ್ತ್ರ. 10 ಪೌಂಡ್, 45 ಪೌಂಡ್ ಅನ್ನುವ ಅಂಕಿಗಳು ಮಾತ್ರ ಅದರಿಂದ ಬರುವುದಿಲ್ಲ. ನನಗನ್ನಿಸುವುದು, ಬೇರೆ ದಾರಿ ಇದೆಯಾ ಇಲ್ಲವಾ ಅನ್ನುವುದೇ ಇಲ್ಲಿ ದೊಡ್ಡ ವಿಷಯ. ನ್ಯೂಯಾರ್ಕಿನಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲಂತಸ್ತು ಇದೆ, ಬಾಲ್ಟಿಮೋರಿಗೆ ಊರು ಸುತ್ತುವ 695 ರಸ್ತೆ ಇದೆ. ಚೆಸಪೀಕ್‌ನಲ್ಲಿ 28 ಕಿಲೋಮೀಟರಿನ ಆ ಸೇತುವೆ-ಸುರಂಗ ಬಿಟ್ಟರೆ ಸುತ್ತು 150 ಕಿಲೋಮೀಟರ್ ಜಾಸ್ತಿ. ಅಲ್ಲಿ ಪ್ರವಾಸಿಗಳನ್ನೆಲ್ಲ ತಡೆದರೆ ನಡೆಯುವುದಿಲ್ಲ, ಅದಕ್ಕೇ ನಿಲ್ಲಿಸಿ ವಾಲ್ವ್ ನೋಡಿ ಬಿಡುತ್ತಾರೆ.

ವಾಲ್ವ್ ಮುಚ್ಚಿ ಅನ್ನುವುದು ಸುಮ್ನೆ ಶಾಸ್ತ್ರಕ್ಕಲ್ಲ. ಅಪಘಾತದಲ್ಲಿ ಗ್ಯಾಸ್ ಪೈಪು ಕಿತ್ತುಹೋದರೂ ಆಗ ಸೋರುವುದು ಪೈಪಿನೊಳಗಿದ್ದಷ್ಟೇ. ಇನ್ನೊಂದು, ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜಿನ ಹಿಂದೆ ಸಣ್ಣ ಜ್ವಾಲೆ ಉರಿಯುತ್ತಲೇ ಇರುತ್ತದೆ, ಬಾಡಿಗೆಗೆ ತಂದವರಿಗೆ ಎಷ್ಟೋ ಸಲ ಇದು ಗೊತ್ತೇ ಇರುವುದಿಲ್ಲ. ಪಕ್ಕದ ಗಾಡಿಯಿಂದ ಪೆಟ್ರೋಲ್ ಸೋರಿದರೆ ಕಿಡಿ ಕೊಡುವುದು ನಿಮ್ಮ ಕ್ಯಾಂಪರು. ಫ್ರಿಜ್ ಆರಿಸಿ, ಬಾಗಿಲು ಪದೇಪದೇ ತೆಗೆಯದಿದ್ದರೆ ಕೆಲವು ಗಂಟೆ ತಂಪು ಉಳಿಯುತ್ತದೆ, ಹಾಲು ಕೆಡುವುದಿಲ್ಲ.

ಹಾಗಂತ ಗ್ಯಾಸೊಂದೇ ಅಪಾಯ ಅಂದುಕೊಳ್ಳಬೇಡಿ. 1999ರಲ್ಲಿ ಫ್ರಾನ್ಸ್-ಇಟಲಿ ನಡುವಿನ ಮಾಂಟ್ ಬ್ಲಾಂಕ್ ಸುರಂಗದಲ್ಲಿ 39 ಜನ ಸತ್ತರು, ಎರಡು ದಿನಕ್ಕೂ ಜಾಸ್ತಿ ಉರಿಯಿತು. ಮೊದಲು ಬೆಂಕಿ ಹತ್ತಿದ ಲಾರಿಯಲ್ಲಿದ್ದದ್ದು ಮಾರ್ಗರೀನ್ (ಬೆಣ್ಣೆಯಂಥ ಜಿಡ್ಡಿನ ಪದಾರ್ಥ) ಮತ್ತು ಹಿಟ್ಟು. ಯಾವ ನಿಷೇಧದ ಪಟ್ಟಿಯಲ್ಲೂ ಇಲ್ಲದ ಅಡುಗೆಮನೆ ಸಾಮಾನು!

ಬಾಲ್ಟಿಮೋರ್ ಮೂಲಕ ಹೋಗುವವರಿಗೆ ಒಂದು ಮಾತು. ಹಳೆಯ ಪ್ರವಾಸ ಪುಸ್ತಕಗಳು ಪ್ರೊಪೇನ್ ಇದ್ದರೆ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಹಿಡಿಯಿರಿ ಅನ್ನುತ್ತವೆ. 2024ರ ಮಾರ್ಚ್ 26ರಂದು ಹಡಗು ಬಡಿದು ಆ ಸೇತುವೆ ಬಿದ್ದುಹೋಯಿತು. ಈಗ 695ರಲ್ಲಿ ಊರಿನ ಪಶ್ಚಿಮಕ್ಕೆ ಸುತ್ತಬೇಕು. ಫೋನಿನ ಮ್ಯಾಪಿಗೆ ನಿಮ್ಮ ಹಿಂದೆ ಸಿಲಿಂಡರ್ ಇರುವುದು ಗೊತ್ತಿಲ್ಲ, ಅದು ಸೀದಾ ಸುರಂಗದ ಬಾಯಿಗೇ ಕರೆದುಕೊಂಡು ಹೋಗುತ್ತದೆ. ಅಲ್ಲಿಗೆ ಬಂದಮೇಲೆ ಕ್ಯಾಂಪರ್ ಸಮೇತ ರಿವರ್ಸ್ ಹೊಡೆಯೋಕೂ ಆಗಲ್ಲ, ಹೊರಡುವ ಮುಂಚೆಯೇ ಆ ಸುರಂಗದವರ ನಿಯಮ ಓದಿಕೊಳ್ಳಿ.