ಪದವಿ ತರಗತಿಗಳಿಲ್ಲದ ವಿಶ್ವವಿದ್ಯಾಲಯ: ಯಾವುದು ಮೊದಲು, ಯಾವುದು ಆಮೇಲೆ

ವಿಜ್ಞಾನ ಮತ್ತು ತಂತ್ರಜ್ಞಾನಕ್ಕೆಂದೇ ಒಂದು ವಿಶ್ವವಿದ್ಯಾಲಯ ಕಟ್ಟೋಣ, ಅಲ್ಲಿ ಸ್ನಾತಕೋತ್ತರ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳು ಮಾತ್ರ ಇರಲಿ ಎಂದು ತೀರ್ಮಾನಿಸಿದ ದಿನವೇ ಕೆಲವು ಆಸರೆಗಳು ಕೈಬಿಟ್ಟು ಹೋಗುತ್ತವೆ. ಪದವಿ ತರಗತಿಗಳ ಶುಲ್ಕ ಬರುವುದಿಲ್ಲ. ಪಾಠದ ಸಹಾಯಕರ ಹುದ್ದೆಗಳೇ ಇಲ್ಲದ ಕಾರಣ ಅವುಗಳ ಮೂಲಕ ಸಂಶೋಧನಾ ವಿದ್ಯಾರ್ಥಿಗಳಿಗೆ ಸಂಬಳ ಕೊಡುವ ದಾರಿ ಮುಚ್ಚುತ್ತದೆ. ಮೂರನೇ ವರ್ಷದಲ್ಲೇ ಚುರುಕಾದವರನ್ನು ಗುರುತಿಸಿ ಲ್ಯಾಬಿಗೆ ಸೇರಿಸಿಕೊಳ್ಳುವ ಅವಕಾಶವೂ ಇರುವುದಿಲ್ಲ, ಪ್ರತಿಯೊಬ್ಬ ವಿದ್ಯಾರ್ಥಿಯೂ ಹೊರಗಿನಿಂದಲೇ ಬರಬೇಕು. ಬದಲಿಗೆ ಸಿಗುವುದು ಒಂದೇ: ಅಧ್ಯಾಪಕರ ಪೂರ್ತಿ ಸಮಯ. ಬಹಳ ಬೆಲೆಬಾಳುವ ಲಾಭ ಅದು. ಆದರೆ ಅದು ದಕ್ಕಬೇಕಾದರೆ ಹಣ, ಕಾನೂನು, ಜನ, ಉಪಕರಣ, ಕಟ್ಟಡ ಇವು ಸರಿಯಾದ ಕ್ರಮದಲ್ಲಿ ಬರಬೇಕು. ಇಂಥ ಯೋಜನೆಗಳು ಮುಗ್ಗರಿಸುವುದು ಹೆಚ್ಚಾಗಿ ಈ ಕ್ರಮದಲ್ಲೇ.

ಹಣದ ಲೆಕ್ಕದಿಂದಲೇ ಶುರುಮಾಡಬೇಕು. ಶಾಶ್ವತ ನಿಧಿಯ ಬಡ್ಡಿ-ಲಾಭಾಂಶದಲ್ಲಿ ಬದುಕುವ ಸಂಸ್ಥೆ ವರ್ಷಕ್ಕೆ ನಿಧಿಯ ನೂರಕ್ಕೆ 4ರಷ್ಟನ್ನು ಮಾತ್ರ ತೆಗೆದರೆ ಬೆಲೆಯೇರಿಕೆಯ ನಡುವೆಯೂ ಮೂಲಧನ ಕರಗದೆ ಉಳಿಯಬಹುದು. ಅಂದರೆ ವರ್ಷಕ್ಕೆ 1 ಪಾಲು ಖರ್ಚಿದ್ದರೆ 25 ಪಾಲು ನಿಧಿ ಬೇಕು. ದಾನಿಗಳು ಘೋಷಿಸುವ ದೊಡ್ಡ ಮೊತ್ತವನ್ನು 25ರಿಂದ ಭಾಗಿಸಿ ನೋಡಿದರೆ ಎಷ್ಟು ಲ್ಯಾಬುಗಳನ್ನು ಸಾಕಬಹುದು ಎಂಬುದು ತಕ್ಷಣ ತಿಳಿಯುತ್ತದೆ. ನಿಧಿ ಎಲ್ಲಿ ಹೂಡಿಕೆಯಾಗಿದೆ ಎಂಬುದೂ ಅಷ್ಟೇ ಮುಖ್ಯ. 1876ರಲ್ಲಿ ಬಾಲ್ಟಿಮೋರ್‌ನಲ್ಲಿ ಶುರುವಾದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಸಂಶೋಧನೆಗೆ ಮೊದಲ ಸ್ಥಾನ ಕೊಟ್ಟು ಒಂದು ಮಾದರಿಯನ್ನೇ ಹುಟ್ಟುಹಾಕಿತು. ಆದರೆ ಅದರ ನಿಧಿಯ ಬಹುಪಾಲು ಒಂದೇ ರೈಲ್ವೆ ಕಂಪನಿಯ ಷೇರುಗಳಲ್ಲಿತ್ತು. 1880ರ ದಶಕದ ಕೊನೆಯಲ್ಲಿ ಆ ಕಂಪನಿ ಲಾಭಾಂಶ ನಿಲ್ಲಿಸಿದಾಗ ವಿಶ್ವವಿದ್ಯಾಲಯ ಉಸಿರುಗಟ್ಟುವ ಸ್ಥಿತಿಗೆ ಬಂತು.

ಸರ್ಕಾರಿ ಅನುದಾನ ನೆಚ್ಚಿಕೊಂಡರೆ ಅಪಾಯ ಇನ್ನೊಂದು ಬಗೆಯದು. ಪ್ರತಿ ವರ್ಷದ ಬಜೆಟ್ಟಿಗೆ ಕಾಯುವ ಸಂಸ್ಥೆ ಐದು ವರ್ಷದ ಪಿಎಚ್‌ಡಿಗೆ ಮಾತು ಕೊಡಲಾರದು. ವಿಯೆನ್ನಾದ ಬಳಿ 2009ರಲ್ಲಿ ತೆರೆದ ಆಸ್ಟ್ರಿಯಾದ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಅಂಡ್ ಟೆಕ್ನಾಲಜಿಗೆ ಸರ್ಕಾರ ಹಲವು ವರ್ಷಗಳ ಅನುದಾನವನ್ನು ಮೊದಲೇ ಖಚಿತಪಡಿಸುತ್ತದೆ. ಅದರಲ್ಲಿ ಮೂರನೇ ಎರಡು ಭಾಗಕ್ಕೆ ಷರತ್ತಿಲ್ಲ, ಉಳಿದ ಒಂದು ಭಾಗ ಸಾಧನೆಯ ಅಳತೆಗೆ ಬದ್ಧ. ನಮಗೆ ಈ ವ್ಯವಸ್ಥೆ ತುಂಬಾ ಹಿಡಿಸುತ್ತದೆ. ಕೊಡುವವರಿಗೆ ಉತ್ತರ ಕೇಳುವ ಹಕ್ಕು ಉಳಿಯುತ್ತದೆ, ಲ್ಯಾಬಿನಲ್ಲಿರುವವರಿಗೆ ಮುಂದಿನ ವರ್ಷದ ಭಯ ಇರುವುದಿಲ್ಲ.

ದಾನಿ ಒಬ್ಬರೇ ಆಗಿದ್ದರೆ ಅವರ ಇಷ್ಟವನ್ನೂ ಸಂಸ್ಥೆಯ ಉದ್ದೇಶವನ್ನೂ ಮೊದಲ ದಿನವೇ ಒಂದೇ ಕಾಗದದಲ್ಲಿ ಬರೆದು ಸಹಿ ಹಾಕಿಸಬೇಕು. ಅಮೆರಿಕದ ವೂಸ್ಟರ್‌ನಲ್ಲಿ 1889ರಲ್ಲಿ ತೆರೆದ ಕ್ಲಾರ್ಕ್ ವಿಶ್ವವಿದ್ಯಾಲಯ ಸ್ನಾತಕೋತ್ತರ ಸಂಶೋಧನೆಗೆ ಮಾತ್ರ ಮೀಸಲಾಗಿತ್ತು. ಅದರ ಅಧ್ಯಕ್ಷ ಸ್ಟ್ಯಾನ್ಲಿ ಹಾಲ್ ಒಳ್ಳೊಳ್ಳೆಯ ವಿಜ್ಞಾನಿಗಳನ್ನು ಕರೆತಂದಿದ್ದರು, ಭೌತವಿಜ್ಞಾನಿ ಆಲ್ಬರ್ಟ್ ಮೈಕೆಲ್ಸನ್ ಅವರಲ್ಲೊಬ್ಬರು. ಆದರೆ ಹಣ ಕೊಟ್ಟ ವ್ಯಾಪಾರಿ ಜೋನಸ್ ಕ್ಲಾರ್ಕ್ ಅವರ ಮನಸ್ಸಿನಲ್ಲಿದ್ದದ್ದು ಊರಿನ ಹುಡುಗರಿಗೊಂದು ಪದವಿ ಕಾಲೇಜು. ಭಿನ್ನಾಭಿಪ್ರಾಯ ಬೆಳೆದಂತೆ ಅವರು ಕೈ ಬಿಗಿಹಿಡಿದರು. 1892ರಲ್ಲಿ ಹೊಸದಾಗಿ ಏಳುತ್ತಿದ್ದ ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷರು ಬಂದು ಆಹ್ವಾನ ಕೊಟ್ಟಾಗ ಮೈಕೆಲ್ಸನ್ ಸೇರಿದಂತೆ ಅಧ್ಯಾಪಕರ ದೊಡ್ಡ ಪಾಲು ಎದ್ದು ಹೊರಟಿತು. ತೆರೆದು ಮೂರೇ ವರ್ಷವಾಗಿತ್ತು. ಪ್ರತಿಭೆಗೆ ಅಲ್ಲಿ ಕೊರತೆ ಇರಲಿಲ್ಲ. ಕೊಡುವವರು ಮತ್ತು ನಡೆಸುವವರು ಒಂದೇ ಹೆಸರಿನಡಿ ಎರಡು ಬೇರೆ ಸಂಸ್ಥೆಗಳನ್ನು ಕಟ್ಟುತ್ತಿದ್ದರು. ಆದ್ದರಿಂದ ಸನ್ನದಿನಲ್ಲಿ ಮೂರು ಮಾತು ಸ್ಪಷ್ಟವಾಗಿರಲಿ: ಪದವಿ ತರಗತಿ ಇದೆಯೋ ಇಲ್ಲವೋ, ಅಧ್ಯಾಪಕರನ್ನು ಆರಿಸುವವರು ಯಾರು, ದಾನಿ ಹಿಂದೆ ಸರಿದರೆ ಈಗಾಗಲೇ ಸೇರಿರುವ ವಿದ್ಯಾರ್ಥಿಗಳ ಫೆಲೋಶಿಪ್ ಯಾವ ಹಣದಿಂದ ನಡೆಯುತ್ತದೆ. ಅಧ್ಯಾಪಕರ ಆಯ್ಕೆಯಲ್ಲಿ ಆಡಳಿತ ಮಂಡಳಿ ಕೈಹಾಕಬಾರದು. ಮುಖ್ಯಸ್ಥರನ್ನು ನೇಮಿಸುವುದು, ಬಜೆಟ್ ಒಪ್ಪುವುದು, ಲೆಕ್ಕ ಕೇಳುವುದು, ಇಷ್ಟೇ ಅದರ ಕೆಲಸ.

ಪದವಿ ಕೊಡುವ ಅಧಿಕಾರದ ವಿಷಯವನ್ನು ಬಹಳ ಜನ ಲಘುವಾಗಿ ಎಣಿಸುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಯೋಜನೆ 1898ರದ್ದು, ಸ್ಥಾಪನೆಯ ಆದೇಶ ಬಂದದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಸೇರಿದ್ದು 1911ರಲ್ಲಿ. ಯೋಜನೆ ಹೂಡಿದ ಜಮ್‌ಷೆಡ್‌ಜಿ ಟಾಟಾ 1904ರಲ್ಲೇ ತೀರಿಕೊಂಡಿದ್ದರು. ಸ್ವಂತ ಹೆಸರಿನಲ್ಲಿ ಪದವಿ ಕೊಡಲು ಬೇಕಾದ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿದ್ದು 1958ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಶೋಧನಾ ಸಂಸ್ಥೆ 1901ರಲ್ಲೇ ಸ್ಥಾಪನೆಯಾಗಿದ್ದರೂ ಪಿಎಚ್‌ಡಿ ವಿದ್ಯಾರ್ಥಿಗಳನ್ನು ತೆಗೆದುಕೊಂಡದ್ದು 1955ರಲ್ಲಿ, ವಿಶ್ವವಿದ್ಯಾಲಯ ಎಂದು ಹೆಸರಾದದ್ದು 1965ರಲ್ಲಿ. ಕಾಯಿದೆ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ, ಸಂಶೋಧನೆ ಮೊದಲು ಶುರುವಾಗಲಿ. ಆದರೆ ಅಧಿಕಾರ ಕೈಗೆ ಬರುವ ಮುಂಚೆ ‘ಮುಂದೆ ಸಿಗುತ್ತದೆ’ ಎಂಬ ಭರವಸೆಯ ಮೇಲೆ ಒಬ್ಬ ವಿದ್ಯಾರ್ಥಿಯನ್ನೂ ಸೇರಿಸಬಾರದು. ಆ ನಡುವಿನ ಕಾಲಕ್ಕೆ ಪದವಿ ಕೊಡಬಲ್ಲ ಇನ್ನೊಂದು ವಿಶ್ವವಿದ್ಯಾಲಯದ ಜೊತೆ ಜಂಟಿ ಒಪ್ಪಂದ ಮಾಡಿಕೊಂಡು, ಪ್ರಮಾಣಪತ್ರದ ಮೇಲೆ ಯಾರ ಹೆಸರು ಇರುತ್ತದೆ ಎಂಬುದನ್ನು ಪ್ರವೇಶದ ಪತ್ರದಲ್ಲೇ ಬರೆದುಕೊಡಬೇಕು.

ಇನ್ನು ಜನ. ಹಾಪ್‌ಕಿನ್ಸ್‌ನ ಮೊದಲ ಅಧ್ಯಕ್ಷ ಡೇನಿಯಲ್ ಗಿಲ್ಮನ್ 1875ರಲ್ಲಿ ಯುರೋಪು ಸುತ್ತಿ ವಿಜ್ಞಾನಿಗಳನ್ನು ಹುಡುಕಿದರು. ಯುವ ಭೌತವಿಜ್ಞಾನಿ ಹೆನ್ರಿ ರೋಲೆಂಡ್ ಅಲ್ಲಿ ಉಪಕರಣಗಳನ್ನು ನೋಡಿ ಕೊಂಡರು. ತರಗತಿಗಳು ಶುರುವಾದದ್ದು ಊರಿನ ನಡುವಿನ ಸಾಧಾರಣ ಕಟ್ಟಡಗಳಲ್ಲಿ. ಜಪಾನಿನ ಓಕಿನಾವಾ ಇನ್‌ಸ್ಟಿಟ್ಯೂಟ್ ಕೂಡ ಕ್ಯಾಂಪಸ್ ಏಳುವ ಮುಂಚೆಯೇ ತಾತ್ಕಾಲಿಕ ಲ್ಯಾಬುಗಳಲ್ಲಿ ಸಂಶೋಧನೆ ಶುರುಮಾಡಿತು. 2011ರಲ್ಲಿ ವಿಶ್ವವಿದ್ಯಾಲಯವಾಯಿತು, 2012ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಹೊಸ ಸಂಸ್ಥೆಗೆ ಆರಿಸುವ ಅನುಭವವೇ ಇಲ್ಲದಿದ್ದಾಗ ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯ ಹಿಡಿದ ದಾರಿ ಗಮನಿಸತಕ್ಕದ್ದು. 2009ರಲ್ಲಿ ತೆರೆಯುವ ಮುಂಚೆ ಬರ್ಕ್ಲಿ, ಸ್ಟ್ಯಾನ್‌ಫರ್ಡ್‌ನಂಥ ವಿಶ್ವವಿದ್ಯಾಲಯಗಳ ವಿಭಾಗಗಳೊಡನೆ ಒಪ್ಪಂದ ಮಾಡಿಕೊಂಡು ಮೊದಲ ಅಧ್ಯಾಪಕರ ಆಯ್ಕೆಯಲ್ಲಿ ಅವರ ನೆರವು ಪಡೆಯಿತು.

ಮೊದಲ ಅಧ್ಯಾಪಕರನ್ನು ಬಾಗಿಲು ತೆರೆಯುವ 18ರಿಂದ 24 ತಿಂಗಳ ಮುಂಚೆಯೇ ಆರಿಸಬೇಕು. ಲ್ಯಾಬಿನ ನಕ್ಷೆ ನೋಡಿ ‘ಇಲ್ಲಿ ನಲ್ಲಿ ಬೇಡ, ಅಲ್ಲಿ ಡಾರ್ಕ್ ರೂಮ್ ಬೇಕು’ ಎನ್ನುವವರು ಇಲ್ಲದೆ ಲ್ಯಾಬ್ ಕಟ್ಟಿದರೆ ಎರಡನೇ ವರ್ಷವೇ ಗೋಡೆ ಒಡೆಯಬೇಕಾಗುತ್ತದೆ. ಪ್ರತಿ ವಿಷಯಕ್ಕೂ ಒಬ್ಬೊಬ್ಬರಂತೆ 20 ಮಂದಿಯನ್ನು ತರುವುದು ಇನ್ನೊಂದು ಸಾಮಾನ್ಯ ತಪ್ಪು. ಮಾತನಾಡಲು ಪಕ್ಕದಲ್ಲಿ ಇನ್ನೊಬ್ಬರಿಲ್ಲದ ವಿಜ್ಞಾನಿ ಬಹಳ ಕಾಲ ನಿಲ್ಲುವುದಿಲ್ಲ. ನಾಲ್ಕೈದು ಕ್ಷೇತ್ರ ಆರಿಸಿ, ಒಂದೊಂದರಲ್ಲೂ ನಾಲ್ಕೈದು ಮಂದಿ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು. ರಾಕ್‌ಫೆಲರ್ ಮತ್ತು ಓಕಿನಾವಾದಂತೆ ವಿಭಾಗಗಳೇ ಬೇಡ ಎನ್ನುವುದಾದರೆ, ವಿಭಾಗದ ಮುಖ್ಯಸ್ಥರು ಸದ್ದಿಲ್ಲದೆ ಮಾಡುವ ಕೆಲಸಗಳನ್ನು ಯಾರಿಗಾದರೂ ಹೆಸರು ಹಿಡಿದು ಒಪ್ಪಿಸಬೇಕು. ಕೋರ್ಸ್‌ವರ್ಕ್, ಅರ್ಹತಾ ಪರೀಕ್ಷೆ, ಥೀಸಿಸ್ ಸಮಿತಿ, ವೈವಾ ಇವೆಲ್ಲಕ್ಕೂ ಒಬ್ಬ ಡೀನ್ ಹೊಣೆಯಾಗಿರಲಿ.

ಕಟ್ಟಡದ ಬಗ್ಗೆ ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಹಣ ಸೋರುವುದು ಇಲ್ಲೇ. ರಸಾಯನಶಾಸ್ತ್ರದ ಒಂದು ಫ್ಯೂಮ್ ಹುಡ್, ಅಂದರೆ ವಿಷದ ಹೊಗೆಯನ್ನು ಹೀರಿ ಹೊರಗೆ ಹಾಕುವ, ಮುಂದೆ ಮೇಲೆ-ಕೆಳಗೆ ಸರಿಯುವ ಗಾಜಿರುವ ಕಪಾಟು ತೆಗೆದುಕೊಳ್ಳಿ. ಬಾಯಿಯ ಅಗಲ 1.5 ಮೀಟರ್, ಗಾಜು ಅರ್ಧ ಮೀಟರ್ ಎತ್ತಿದೆ, ಗಾಳಿ ಸೆಕೆಂಡಿಗೆ 0.5 ಮೀಟರ್ ವೇಗದಲ್ಲಿ ಒಳಗೆ ಹೋಗುತ್ತಿದೆ ಎಂದುಕೊಳ್ಳಿ. ಗಂಟೆಗೆ 1,350 ಘನ ಮೀಟರ್ ಗಾಳಿ ಛಾವಣಿಯ ಮೇಲಿಂದ ಹೊರಗೆ. ಅದು ಬರೀ ಗಾಳಿಯಲ್ಲ, ತಂಪು ಮಾಡಿ, ತೇವ ತೆಗೆದು, ಶೋಧಿಸಿ ಒಳಗೆ ತಂದ ಗಾಳಿ. 40 ಹುಡ್‌ಗಳಿದ್ದರೆ ಗಂಟೆಗೆ 54,000 ಘನ ಮೀಟರ್. ಕೆಲಸವಿಲ್ಲದಾಗ ಗಾಜು ತಾನೇ ಇಳಿದು ಫ್ಯಾನಿನ ವೇಗವೂ ಇಳಿಯುವ ವ್ಯವಸ್ಥೆ ಕಟ್ಟುವಾಗಲೇ ಬೇಕು. ಹುಡ್‌ಗಳ ಸಂಖ್ಯೆಯನ್ನು ವಾಸ್ತುಶಿಲ್ಪಿ ಅಂದಾಜಿನಲ್ಲಿ ಬರೆದರೆ ಎರಡು ಪಟ್ಟು ಹೆಚ್ಚಾಗಿರುತ್ತದೆ, ಅಥವಾ ಬೇಕಾದ ಕಡೆ ಒಂದೂ ಇರುವುದಿಲ್ಲ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕಷ್ಟ ನೆಲದ ಕಂಪನ. ಕಚೇರಿಯ ನೆಲ ಸೆಕೆಂಡಿಗೆ 400 ಮೈಕ್ರೋಮೀಟರ್ ಕಂಪಿಸಿದರೂ ಜನರಿಗೆ ತೊಂದರೆಯಿಲ್ಲ. ಒಳ್ಳೆಯ ಮೈಕ್ರೋಸ್ಕೋಪಿಗೆ ಆರು ಮೈಕ್ರೋಮೀಟರಿಗೂ ಕಡಿಮೆ ಬೇಕು, ಕೆಲವಕ್ಕೆ ಅದರ ಅರ್ಧ. ಆದ್ದರಿಂದ ಅದರ ಜಾಗ ಮೇಲಿನ ಮಹಡಿಯಲ್ಲ, ನೆಲಮಟ್ಟದಲ್ಲಿ, ಕಟ್ಟಡದ ಅಡಿಪಾಯಕ್ಕೆ ಅಂಟದ ಪ್ರತ್ಯೇಕ ಕಾಂಕ್ರೀಟ್ ಹಾಸಿನ ಮೇಲೆ. ಲಿಫ್ಟು, ಟ್ರಾನ್ಸ್‌ಫಾರ್ಮರು, ರೈಲುಹಳಿ ಹತ್ತಿರವಿದ್ದರೆ ಕಾಂತಕ್ಷೇತ್ರವೂ ಚಿತ್ರವನ್ನು ಕಲಕುತ್ತದೆ. ನಿವೇಶನ ಒಪ್ಪುವ ಮುಂಚೆ ಅಲ್ಲಿ ಇಪ್ಪತ್ತನಾಲ್ಕು ಗಂಟೆ ಕಂಪನ ಮತ್ತು ಕಾಂತಕ್ಷೇತ್ರ ಎರಡನ್ನೂ ಅಳೆಯಿಸಿ. ತೀರಾ ಕಡಿಮೆ ಖರ್ಚಿನ ಈ ಕೆಲಸವನ್ನೇ ಹೆಚ್ಚಾಗಿ ಮರೆಯುತ್ತಾರೆ.

ಕೆಲವು ಉಪಕರಣಗಳನ್ನು ಅತಿ ತಣ್ಣಗಿಡಲು ದ್ರವ ಹೀಲಿಯಂ, ದ್ರವ ನೈಟ್ರೋಜನ್ ಬೇಕು. ಒಂದು ಲೀಟರ್ ದ್ರವ ಹೀಲಿಯಂ ಆವಿಯಾದರೆ ಸುಮಾರು 750 ಲೀಟರ್ ಅನಿಲವಾಗುತ್ತದೆ. ಅದನ್ನು ಹಿಡಿದು ಮತ್ತೆ ದ್ರವ ಮಾಡುವ ಕೊಳವೆಗಳು ಗೋಡೆಯೊಳಗೆ ಮೊದಲೇ ಇದ್ದರೆ ಸರಿ, ಇಲ್ಲವಾದರೆ ದುಬಾರಿ ಅನಿಲ ಆಕಾಶಕ್ಕೆ. ದ್ರವ ನೈಟ್ರೋಜನ್ ಆವಿಯಾಗಿ ಕೋಣೆಯ ಆಮ್ಲಜನಕವನ್ನು ಹೊರದಬ್ಬುತ್ತದೆ, ಹಾಗಾಗಿ ಅದನ್ನು ಬಳಸುವ ಕಡೆ ಆಮ್ಲಜನಕ ನೂರಕ್ಕೆ 19.5ಕ್ಕೆ ಇಳಿದೊಡನೆ ಕೂಗುವ ಅಲಾರಂ ಇರಲೇಬೇಕು. ಅದು ಬಾಗಿಲ ಹೊರಗೂ ಕೇಳಿಸಬೇಕು, ಬಿದ್ದವರನ್ನು ಎತ್ತಲು ಓಡಿ ಒಳಹೋಗುವವರೂ ಅಲ್ಲೇ ಕುಸಿಯುತ್ತಾರೆ. ಇದರಲ್ಲಿ ಉಳಿತಾಯದ ಮಾತೇ ಬರಬಾರದು.

ಖರೀದಿಯಲ್ಲಿ ಒಂದು ವಾಕ್ಯ ಬಹಳ ದುಡ್ಡು ಉಳಿಸುತ್ತದೆ. ವಾರಂಟಿ ಶುರುವಾಗುವುದು ಉಪಕರಣ ಹಡಗು ಹತ್ತಿದ ದಿನದಿಂದಲ್ಲ, ಸ್ಥಳದಲ್ಲಿ ಕೂರಿಸಿ ಪರೀಕ್ಷೆ ಪಾಸಾದ ದಿನದಿಂದ ಎಂದು ಆದೇಶದಲ್ಲಿ ಬರೆಯಿಸಿ. ಕೋಣೆ ಸಿದ್ಧವಿಲ್ಲದೆ ಪೆಟ್ಟಿಗೆಯಲ್ಲೇ ವಾರಂಟಿ ಮುಗಿಸಿಕೊಳ್ಳುವ ಉಪಕರಣಗಳು ಕಡಿಮೆಯಿಲ್ಲ. ಲಾರಿಯಿಂದ ಕೋಣೆಯ ತನಕದ ಬಾಗಿಲು, ತಿರುವು, ಲಿಫ್ಟು ಎಲ್ಲವನ್ನೂ ಟೇಪು ಹಿಡಿದು ಅಳೆಯಿರಿ. ಎನ್‌ಎಂಆರ್ (ಅಣುಗಳ ರಚನೆ ತಿಳಿಯುವ ಉಪಕರಣ) ಕಾಂತದ ಮೇಲಿಂದ ಹೀಲಿಯಂ ತುಂಬುವ ಉದ್ದ ಕೊಳವೆ ಇಳಿಸಲು ಛಾವಣಿ ಎತ್ತರ ಸಾಲುತ್ತದೆಯೇ ಎಂಬುದನ್ನೂ ನೋಡಿ. ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಕೊಂಡ ಬೆಲೆಯ ನೂರಕ್ಕೆ 10ರ ಆಸುಪಾಸು ಹಣ ಎತ್ತಿಡಬೇಕು. ಹತ್ತು ವರ್ಷ ಓಡಿಸುವ ಯಂತ್ರಕ್ಕೆ ಕೊಂಡಷ್ಟೇ ಹಣ ಮತ್ತೊಮ್ಮೆ ಬೇಕೆಂದು ಲೆಕ್ಕ ಹಾಕಿ. ಎಲ್ಲ ಉಪಕರಣಗಳನ್ನೂ ಒಂದೇ ವರ್ಷ ಕೊಂಡರೆ ಎಲ್ಲದರ ವಾರಂಟಿಯೂ ಒಟ್ಟಿಗೇ ಮುಗಿದು ಬಜೆಟ್ ಕುಸಿಯುತ್ತದೆ, ಹತ್ತನೇ ವರ್ಷ ಎಲ್ಲವೂ ಒಟ್ಟಿಗೇ ಮುದಿಯಾಗುತ್ತವೆ.

ದೊಡ್ಡ ಯಂತ್ರಗಳು ಒಬ್ಬ ಪ್ರೊಫೆಸರರ ಸೊತ್ತಾಗದೆ ಎಲ್ಲರಿಗೂ ಸೇರಿದ ಕೇಂದ್ರದಲ್ಲಿರಲಿ. ಆ ಕೇಂದ್ರಕ್ಕೆ ಯಂತ್ರ ಬರುವ ಮುಂಚೆ ಅದನ್ನು ನಡೆಸುವ ತಜ್ಞರು ಬರಬೇಕು, ಟೆಂಡರಿನ ತಾಂತ್ರಿಕ ವಿವರ ಬರೆಯಬೇಕಾದವರು ಅವರೇ. ಅವರಿಗೆ ಕಾಯಂ ಹುದ್ದೆ, ಬಡ್ತಿ, ಪ್ರಬಂಧಗಳಲ್ಲಿ ಹೆಸರು ಎಲ್ಲ ಸಿಗಬೇಕು. ಗುತ್ತಿಗೆಯಲ್ಲಿ ಕೂರಿಸಿದ ಆಪರೇಟರ್ ಕೆಲಸ ಕಲಿತ ದಿನವೇ ಬೇರೆ ಕಡೆ ಹೋಗುತ್ತಾರೆ, ಯಂತ್ರ ಧೂಳು ಹಿಡಿಯುತ್ತದೆ.

ಕೊನೆಗೆ ವಿದ್ಯಾರ್ಥಿಗಳು. 20 ಗೈಡ್‌ಗಳಿದ್ದಾರೆ, ಒಬ್ಬೊಬ್ಬರಿಗೆ 4 ಮಂದಿ ಎಂದರೆ ಒಟ್ಟು 80. ಪಿಎಚ್‌ಡಿಗೆ 5 ವರ್ಷ ಎಂದರೆ ವರ್ಷಕ್ಕೆ ಸೇರಿಸಬೇಕಾದದ್ದು 16 ಮಂದಿಯನ್ನು ಮಾತ್ರ. ಉದ್ಘಾಟನೆಯ ಹುಮ್ಮಸ್ಸಿನಲ್ಲಿ ವರ್ಷಕ್ಕೆ 40 ಮಂದಿಯನ್ನು ಸೇರಿಸುತ್ತ ಹೋದರೆ ಐದನೇ ವರ್ಷಕ್ಕೆ 200 ಆಗುತ್ತಾರೆ, ಒಬ್ಬ ಗೈಡ್‌ಗೆ 10. ಆಗ ಗೈಡ್‌ನ ಮುಖ ನೋಡಲು ವಿದ್ಯಾರ್ಥಿ ತಿಂಗಳುಗಟ್ಟಲೆ ಕಾಯಬೇಕು. ಸೀಟು ಖಾಲಿ ಉಳಿದರೂ ಚಿಂತೆಯಿಲ್ಲ, ಲೆಕ್ಕ ಮೀರಬಾರದು.

ಸೇರಿದ ದಿನವೇ ಗೈಡ್ ಗೊತ್ತುಮಾಡುವ ಬದಲು ಮೊದಲ ವರ್ಷ ಮೂರು ಲ್ಯಾಬುಗಳಲ್ಲಿ ಕೆಲವು ತಿಂಗಳಂತೆ ಕೆಲಸ ಮಾಡಿ ಆರಿಸಿಕೊಳ್ಳುವ ಪದ್ಧತಿ ಓಕಿನಾವಾದಲ್ಲಿದೆ. ಅವುಗಳಲ್ಲಿ ಒಂದಾದರೂ ವಿದ್ಯಾರ್ಥಿಯ ಸ್ವಂತ ವಿಷಯದ ಹೊರಗಿರಲಿ. ಈ ಪದ್ಧತಿ ನಡೆಯಬೇಕಾದರೆ ಮೊದಲ ವರ್ಷದ ಫೆಲೋಶಿಪ್ ಗೈಡ್‌ನ ಪ್ರಾಜೆಕ್ಟ್ ಹಣದಿಂದ ಬರಬಾರದು, ಸಂಸ್ಥೆಯಿಂದಲೇ ಬರಬೇಕು. ಹಣ ಕೊಡುವವರ ಲ್ಯಾಬನ್ನು ಬಿಟ್ಟು ಹೋಗುವ ಧೈರ್ಯ ಯಾವ ವಿದ್ಯಾರ್ಥಿಗೂ ಇರುವುದಿಲ್ಲ.

ಹೊಸ ಸಂಸ್ಥೆಯಲ್ಲಿ ಅಧ್ಯಾಪಕರು ಬಿಟ್ಟುಹೋಗುವುದು ಹಳೆಯ ಕಡೆಗಳಿಗಿಂತ ಹೆಚ್ಚು. ಆದ್ದರಿಂದ ಮೊದಲ ಬ್ಯಾಚ್ ಬರುವ ಮುಂಚೆಯೇ ಈ ನಿಯಮ ಬರೆದಿರಬೇಕು: ಪ್ರತಿ ವಿದ್ಯಾರ್ಥಿಗೂ ಎರಡನೇ ವರ್ಷದ ಕೊನೆಯೊಳಗೆ ಮೂವರ ಥೀಸಿಸ್ ಸಮಿತಿ, ಅದರಲ್ಲಿ ಒಬ್ಬರು ಹೊರಗಿನವರು. ಗೈಡ್ ಸಂಸ್ಥೆ ಬಿಟ್ಟರೆ ಸಮಿತಿಯ ಇನ್ನೊಬ್ಬ ಸದಸ್ಯರು 30 ದಿನದೊಳಗೆ ಹೊಣೆ ಹೊರಬೇಕು. ಫೆಲೋಶಿಪ್ ನಿಲ್ಲಬಾರದು. ವಿದ್ಯಾರ್ಥಿ ಗೈಡ್ ಜೊತೆ ಹೊಸ ಜಾಗಕ್ಕೆ ಹೋಗಿ ಕೆಲಸ ಮುಗಿಸಿ ಇಲ್ಲಿಂದಲೇ ಪದವಿ ಪಡೆಯಬಹುದು, ಅಥವಾ ಇಲ್ಲೇ ಉಳಿಯಬಹುದು. ಆಯ್ಕೆ ವಿದ್ಯಾರ್ಥಿಯದು. ಮಾದರಿಗಳು, ದತ್ತಾಂಶ, ಲ್ಯಾಬ್ ನೋಟ್‌ಬುಕ್ ಇವುಗಳ ಮೂಲ ಸಂಸ್ಥೆಯಲ್ಲಿ ಉಳಿಯಲಿ, ನಕಲು ವಿದ್ಯಾರ್ಥಿಯ ಕೈಯಲ್ಲಿರಲಿ. ಈ ಒಂದು ಪುಟವನ್ನು ಪ್ರವೇಶದ ಪತ್ರದ ಜೊತೆಗೇ ಪ್ರತಿಯೊಬ್ಬರಿಗೂ ಕಳುಹಿಸಿ.