ಒಂದೇ ಹೆಸರು, ಹಲವು ಫಂಕ್ಷನ್: ಸಿ ಪ್ಲಸ್ ಪ್ಲಸ್ ಟಿಪ್ಪಣಿ

ಫಂಕ್ಷನ್ ಓವರ್‌ಲೋಡಿಂಗ್ ಮತ್ತು ಡೀಫಾಲ್ಟ್ ಆರ್ಗ್ಯುಮೆಂಟ್‌ಗಳನ್ನು ಒಟ್ಟಿಗೇ ಓದಿ, ಬೇಗ ತಲೆಗೆ ಹತ್ತುತ್ತವೆ. ಒಂದೇ ಹೆಸರಿನಲ್ಲಿ, ಬೇರೆ ಬೇರೆ ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಹಲವು ಫಂಕ್ಷನ್ ಬರೆಯುವುದು ಓವರ್‌ಲೋಡಿಂಗ್; ಕಾಲ್‌ನಲ್ಲಿ ಕೊಡದೆ ಬಿಟ್ಟ ಆರ್ಗ್ಯುಮೆಂಟ್‌ಗೆ ಮೊದಲೇ ಗೊತ್ತುಮಾಡಿಟ್ಟ ಬೆಲೆ ಡೀಫಾಲ್ಟ್. ಎರಡರಲ್ಲೂ ಕಂಪೈಲರ್ ಕಣ್ಣಿಡುವುದು ಒಂದೇ ಕಡೆ: ನಾವು ಫಂಕ್ಷನ್ ಕಾಲ್ ಮಾಡಿದ ಸಾಲಿನ ಮೇಲೆ.

ಕೂಡಿಸು(ಇಂಟ್, ಇಂಟ್), ಕೂಡಿಸು(ಡಬಲ್, ಡಬಲ್) ಎಂದು ಎರಡು ಫಂಕ್ಷನ್ ಬರೆದಿದ್ದೇವೆ ಅನ್ನಿ. ಕಂಪೈಲರ್ ಹುಟ್ಟಿಸುವ ಆಬ್ಜೆಕ್ಟ್ ಫೈಲಿನಲ್ಲಿ ಅವುಗಳ ಹೆಸರು ಬೇರೆ ಬೇರೆ. ಲಿನಕ್ಸ್‌ನ ಜಿಸಿಸಿ ಕಂಪೈಲರ್ ಮೊದಲನೆಯದರ ಬಾಲಕ್ಕೆ ‘ಐಐ’, ಎರಡನೆಯದಕ್ಕೆ ‘ಡಿಡಿ’ ಅಂಟಿಸುತ್ತದೆ. ಇದೇ ನೇಮ್ ಮ್ಯಾಂಗ್ಲಿಂಗ್. ರಿಟರ್ನ್ ಟೈಪ್ ಒಂದನ್ನೇ ಬದಲಿಸಿದರೆ ಓವರ್‌ಲೋಡ್ ಆಗುವುದಿಲ್ಲ. ಕಾಲ್ ಮಾಡಿದವರು ಉತ್ತರವನ್ನು ಬಳಸದೇ ಬಿಡಬಹುದು. ಆಗ ಯಾವುದನ್ನು ಆರಿಸಬೇಕು?

ನನ್ನ ಒಂದು ಸಂಜೆಯನ್ನೇ ನುಂಗಿದ ಉದಾಹರಣೆ ಇದು. ತೋರಿಸು(ಬೂಲ್), ತೋರಿಸು(ಸ್ಟ್ರಿಂಗ್) ಎರಡೂ ಇದ್ದವು. ತೋರಿಸು("ಮೈಸೂರು") ಎಂದು ಕರೆದೆ. ತೆರೆಯ ಮೇಲೆ ಬಂದದ್ದು 1, ಅಂದರೆ ಬೂಲ್‌ನ ‘ನಿಜ’. ಉದ್ಧರಣ ಚಿಹ್ನೆಯೊಳಗಿನ ಪದ ಸ್ಟ್ರಿಂಗ್ ಕ್ಲಾಸಿನದಲ್ಲ, ಅದು ಕ್ಯಾರ್ ಅರೇ, ಅಂದರೆ ಅಕ್ಷರಗಳ ಸಾಲು. ಅರೇ ಪಾಯಿಂಟರ್ (ಮೆಮೊರಿ ವಿಳಾಸ) ಆಗುತ್ತದೆ, ಪಾಯಿಂಟರ್ ಬೂಲ್ ಆಗುವುದು ಭಾಷೆಯೊಳಗೇ ಇರುವ ಪರಿವರ್ತನೆ. ಸ್ಟ್ರಿಂಗ್ ಆಗಬೇಕಾದರೆ ಆ ಕ್ಲಾಸಿನ ವಸ್ತುವನ್ನು ಕಟ್ಟುವ ಕನ್‌ಸ್ಟ್ರಕ್ಟರ್ ಓಡಬೇಕು. ಭಾಷೆಯದೇ ಪರಿವರ್ತನೆ ಸಿಕ್ಕರೆ ಕಂಪೈಲರ್ ಕ್ಲಾಸಿನ ಪರಿವರ್ತನೆಯನ್ನು ಆರಿಸುವುದಿಲ್ಲ. ಕಾನ್‌ಸ್ಟ್ ಕ್ಯಾರ್ ಪಾಯಿಂಟರ್ ತೆಗೆದುಕೊಳ್ಳುವ ಮೂರನೆಯ ಓವರ್‌ಲೋಡ್ ಬರೆದ ಮೇಲೆ ಸರಿಹೋಯಿತು.

ಇನ್ನು ಡೀಫಾಲ್ಟ್. ಬರೆ(ಸ್ಟ್ರಿಂಗ್ ಸಾಲು, ಇಂಟ್ ಸಲ = 1) ಎಂದಿದ್ದರೆ, ಬರೆ("ನಮಸ್ಕಾರ") ಎಂಬ ಕಾಲ್‌ನಲ್ಲಿ ಬಿಟ್ಟುಹೋದ 1 ಅನ್ನು ಕಂಪೈಲರ್ ತಾನೇ ತುಂಬುತ್ತದೆ. ಫಂಕ್ಷನ್‌ಗೆ ತಲುಪುವುದು ಯಾವಾಗಲೂ ಎರಡು ಆರ್ಗ್ಯುಮೆಂಟ್. ನಾವು ಕೊಟ್ಟವು ಎಡದಿಂದ ಸಾಲಾಗಿ ಕೂರುತ್ತವೆ, ಬಿಟ್ಟುಹೋಗುವುದು ಕೊನೆಯವೇ. ಹಾಗಾಗಿ ಡೀಫಾಲ್ಟ್ ಬಲಗಡೆಯಿಂದಲೇ ಶುರುವಾಗಬೇಕು. ಹೆಡರ್‌ನಲ್ಲಿ (ಫಂಕ್ಷನ್‌ನ ಘೋಷಣೆ ಇರುವ ಫೈಲ್) ಕೊಟ್ಟ ಡೀಫಾಲ್ಟನ್ನು ಡೆಫಿನಿಷನ್‌ನಲ್ಲಿ ಮತ್ತೆ ಬರೆದರೆ ಎರರ್. ಲೈಬ್ರರಿಯ ಹೆಡರ್‌ನಲ್ಲಿ 1 ಅನ್ನು 2 ಮಾಡಿದರೂ, ಅದನ್ನು ಬಳಸುವ ಪ್ರೋಗ್ರಾಂ ಮತ್ತೆ ಕಂಪೈಲ್ ಆಗುವತನಕ 1 ಅನ್ನೇ ಕಳಿಸುತ್ತಿರುತ್ತದೆ.

ಮಾಡುವ ಕೆಲಸ ಒಂದೇ ಆಗಿದ್ದರೆ ಡೀಫಾಲ್ಟ್, ಟೈಪ್ ಬದಲಾದರೆ ಓವರ್‌ಲೋಡ್ ಎಂದು ನಾನು ಇಟ್ಟುಕೊಂಡಿದ್ದೇನೆ. ಎರಡನ್ನೂ ಬೆರೆಸುವಾಗ ಎಚ್ಚರ ಬೇಕು. ಎಣಿಸು(ಇಂಟ್), ಎಣಿಸು(ಇಂಟ್, ಇಂಟ್ = 0) ಎರಡನ್ನೂ ಬರೆದಿಟ್ಟರೆ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಎಣಿಸು(5) ಎಂದಾಗಲೇ ‘ಆಂಬಿಗ್ಯುಯಸ್’ ಎಂದು ನಿಲ್ಲಿಸುತ್ತದೆ.

ವರ್ಚುವಲ್ ಫಂಕ್ಷನ್‌ನಲ್ಲಿ (ಬೇಸ್ ಕ್ಲಾಸಿನದನ್ನು ಅದರಿಂದ ಹುಟ್ಟಿದ ಡಿರೈವ್ಡ್ ಕ್ಲಾಸ್ ತನ್ನಂತೆ ಬದಲಿಸಿಕೊಳ್ಳಬಹುದಾದ ಫಂಕ್ಷನ್) ಎರರ್ ಕೂಡ ಬರುವುದಿಲ್ಲ. ಬೇಸ್ ಕ್ಲಾಸಿನಲ್ಲಿ ಡೀಫಾಲ್ಟ್ 10, ಡಿರೈವ್ಡ್ ಕ್ಲಾಸಿನಲ್ಲಿ 20 ಇಟ್ಟು ಬೇಸ್ ಪಾಯಿಂಟರ್ ಮೂಲಕ ಕರೆದು ನೋಡಿ: ಓಡುವುದು ಡಿರೈವ್ಡ್ ಕ್ಲಾಸಿನ ಫಂಕ್ಷನ್, ಅದರ ಕೈಗೆ ಬರುವುದು 10. ಕಾಲ್ ಮಾಡಿದ ಸಾಲಿನಲ್ಲಿ ಕಂಪೈಲರ್‌ಗೆ ಕಾಣುವುದು ಬೇಸ್ ಪಾಯಿಂಟರ್ ಮಾತ್ರ.